ಬಂದವರ ಮುಂದೆ

ಚಿತ್ರದುರ್ಗದ ನಮ್ಮ ಬಾಡಿಗೆ ಮನೆಯ ಮಾಲೀಕರು ಈಚೆಗೆ ಗೇಟಿನ ಮೇಲೊಂದು ಸಿಸಿ ಕ್ಯಾಮರಾ ಹಾಕಿಸಿದರು. ಕಳ್ಳತನವೇನೂ ಆಗಿರಲಿಲ್ಲ. ಎದುರು ಮನೆಯವರು ಹಾಕಿಸಿದ್ದಾರೆ ಎಂಬುದೇ ಕಾರಣ. ಎದುರು ಮನೆಯವರು ಯಾಕೆ ಹಾಕಿಸಿದರು ಎಂದರೆ ನಮ್ಮ ಮೇಲಿನ ಅನುಮಾನಕ್ಕೆ ಎಂದು ನಮ್ಮ ಮಾಲೀಕರ ಅನುಮಾನ. ಈಗ ಎರಡು ಕ್ಯಾಮರಾಗಳೂ ರಸ್ತೆಯ ಎರಡು ಬದಿಯಿಂದ ಒಂದನ್ನೊಂದು ಗುರಾಯಿಸುತ್ತ ನಿಂತಿವೆ. ನಡುವೆ ಓಡಾಡುವ ನಾವು ನಮ್ಮದೇ ಮನೆಗೆ ಹಾಲಿನ ಪ್ಯಾಕೆಟ್ ತರುವಾಗಲೂ ಕದ್ದು ತರುವವರಂತೆ ನಡೆಯುತ್ತೇವೆ. ಪೇಪರಿನ ಹುಡುಗ ಗೇಟು ಬಂತೆಂದರೆ ಕ್ರಾಪು ಸರಿಮಾಡಿಕೊಳ್ಳುತ್ತಾನೆ. ಹೂವಿನಾಕೆ ಮೊಳ ಹಾಕುವಾಗ ಮಾತ್ರ ಕ್ಯಾಮರಾಕ್ಕೆ ಬೆನ್ನು ತಿರುಗಿಸುತ್ತಾಳೆ.

ಇದನ್ನೆಲ್ಲ ನಾನು ಕಿಟಕಿಯ ಪರದೆಯ ಸಂದಿಯಿಂದ ನೋಡುತ್ತಿದ್ದೆ. "ಮಾಲೀಕರು ದುಡ್ಡು ದಂಡ ಮಾಡಿದ್ರು. ಮನೇಲಿ ನೀನಿರುವಾಗ ಕ್ಯಾಮರಾ ಯಾಕೆ ಬೇಕಿತ್ತು?" ಎಂದರು ನನ್ನ ಗಂಡ.

ನಾನು ಸಮಾಜ ಮಾನವಶಾಸ್ತ್ರದ ಮೇಷ್ಟ್ರು. ಮೇಷ್ಟ್ರಮ್ಮ ಎನ್ನಿ ಬೇಕಾದರೆ. ಹಾಗೆಂದರೇನು ಎಂದು ಕೇಳಿದವರಿಗೆ ಇಷ್ಟು ವರ್ಷವಾದರೂ ನೆಟ್ಟಗೆ ಹೇಳಲು ಬಂದಿಲ್ಲ. ಜನ ದಿನಾ ಮಾಡುವುದನ್ನು, ಅಂದರೆ ಕೂರುವುದು, ಏಳುವುದು, ಬನ್ನಿ ಎನ್ನುವುದು, ಬರ್ತೀವಿ ಎನ್ನುವುದು, ಇಂಥವನ್ನು ನೋಡುವುದು ಮತ್ತು ಬರೆಯುವುದು. ನನ್ನ ಅಪ್ಪ ಇದನ್ನು ಕೇಳಿ, "ಇದಕ್ಕೆ ಸಂಬಳ ಕೊಡ್ತಾರಾ?" ಎಂದಿದ್ದರು. ಸಂಬಳ ಬಂದ ಮೇಲೆ, "ಪರವಾಗಿಲ್ಲ ಬಿಡು, ಯಾರಿಗೂ ಹೇಳ್ಬೇಡ" ಎಂದರು. ಹಿರಿಯೂರಿನಲ್ಲಿರುವ ನಮ್ಮ ಅತ್ತಿಗೆಯಂತೂ ಯಾವ ನಾಮಕರಣಕ್ಕೆ ಹೋದರೂ ನನ್ನನ್ನು ಕಂಡೊಡನೆ ಹೆಂಗಸರ ಗುಂಪಿನ ಕಡೆ ತಿರುಗಿ, "ಬಂದ್ಲು ನೋಡ್ರಿ, ಎಲ್ರೂ ಸೆರಗು ಸರಿಮಾಡ್ಕಳ್ರಿ. ಬರ್ಕಂಡು ಹೋಗಿ ಪುಸ್ತಕ ಮಾಡ್ತಾಳೆ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಕ್ಕ ಮೇಲೆ ಯಾರೂ ಮುಂಚಿನ ಹಾಗೆ ಮಾತಾಡುವುದಿಲ್ಲ.

ಈ ಕಸುಬಿನ ಮೂಲ ಪಾಠವನ್ನು ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕಲಿಯಲಿಲ್ಲ. ಹೊಳಲ್ಕೆರೆಯಲ್ಲಿ ನಮ್ಮ ಅಜ್ಜಿಯ ಹತ್ತಿರ ಕಲಿತೆ. ಅಜ್ಜಿಗೆ ಲೋಕದಲ್ಲಿ ಸುಮ್ಮನೆ ಆಗುವಂಥದ್ದು ಯಾವುದೂ ಇರಲಿಲ್ಲ. ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರೆ ಅಜ್ಜಿ ಕೊಡುತ್ತಿದ್ದಳು. ಆಕೆ ಅತ್ತ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, "ಹೆಪ್ಪಿಗೆ ಬಂದೋಳು ಒಲೆ ಮ್ಯಾಲಿನ ಪಾತ್ರೆ ಯಾಕೆ ನೋಡಿದ್ಲು?" ಎಂದು ಪರೀಕ್ಷೆ ಇಡುತ್ತಿದ್ದಳು. ನನಗೆ ತಿಳಿಯದು. "ನಮ್ಮನೀಗೆ ನೆಂಟ್ರು ಬಂದಾರಾ ಅಂತ ನೋಡಾಕೆ. ಪಾತ್ರೆ ದೊಡ್ಡದಿದ್ರೆ ನೆಂಟ್ರು ಬಂದಾರೆ ಅಂತ" ಎಂದು ಉತ್ತರವನ್ನೂ ಅವಳೇ ಹೇಳುವಳು. ಮರುದಿನ ನಿಜವಾಗಿಯೂ ಪಕ್ಕದ ಮನೆಯಾಕೆ, "ಯಾರೋ ಬಂದಂಗಿತ್ತಲ್ಲ?" ಎಂದು ಕೇಳಿದಾಗ ಅಜ್ಜಿ ನನ್ನ ತೊಡೆ ಚಿವುಟಿದ ನೋವು ಈಗಲೂ ನೆನಪಿದೆ. ಆದರೆ ಅಜ್ಜಿ ಅನುಮಾನಿಸಿದ್ದೆಲ್ಲ ನಿಜವಾಗುತ್ತಿತ್ತು ಎಂದಲ್ಲ. ನಮ್ಮ ತಾತ ಸಂಜೆ ಸಂತೆಪೇಟೆಗೆ ಹೋಗುವುದು ಇಸ್ಪೀಟಿಗೆ ಎಂದು ಅವಳು ಜನ್ಮವಿಡೀ ನಂಬಿದ್ದಳು. ಪಾಪ, ಅವರು ಹೋಗುತ್ತಿದ್ದದ್ದು ಅಜ್ಜಿಯಿಂದ ಸ್ವಲ್ಪ ಹೊತ್ತು ದೂರವಿರಲು.

ಇಂಥ ಅಜ್ಜಿಯ ಮೊಮ್ಮಗಳು ಪಿಎಚ್.ಡಿ.ಗೆ ಬೇರೇನು ವಿಷಯ ಆರಿಸಿಕೊಂಡಾಳು? ಮನೆಗೆ ಬಂದವರನ್ನು ಹೇಗೆ ಕಾಣುತ್ತಾರೆ ಎಂಬುದೇ ನನ್ನ ವಿಷಯ. ಯಾರನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಮಾತಾಡಿಸುತ್ತಾರೆ, ಯಾರನ್ನು ಜಗಲಿಗೆ, ಯಾರನ್ನು ನಡುಮನೆಗೆ, ಯಾರನ್ನು ಅಡುಗೆಮನೆಗೆ ಬಿಟ್ಟುಕೊಳ್ಳುತ್ತಾರೆ ಇತ್ಯಾದಿ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಹತ್ತಿರ, ಕುರಿ ಸಾಕುವವರ ಒಂದು ಹಟ್ಟಿಯನ್ನು ಆರಿಸಿಕೊಂಡೆ. ಮತ್ತೋಡಿನಲ್ಲಿ ಒಂದು ಕೋಣೆ ಹಿಡಿದು ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ.

ಬಂದವರನ್ನು ಹೇಗೆ ಕಾಣುತ್ತಾರೆ ಎಂದು ನೋಡಲು ಬಂದವಳನ್ನು ಅವರು ಹೇಗೆ ಕಂಡರು ಎಂದರೆ, ನಾನು ಬಂದದ್ದೇ ಊರಿನ ಗ್ಯಾಸ್ ಸಿಲಿಂಡರುಗಳೆಲ್ಲ ಗೋಣಿಚೀಲದ ಅಡಿಗೆ ಹೋದವು. ಬಿಪಿಎಲ್ ಕಾರ್ಡು ತೆಗೆಯುವವಳು ಎಂದು ಒಂದು ಬೀದಿಯವರ ಅನುಮಾನ. ಗುಡ್ಡದ ಮೇಲೆ ಗಾಳಿಗಿರಣಿ ನಿಲ್ಲಿಸುವ ಕಂಪನಿಯ ಪರವಾಗಿ ಜಮೀನು ನೋಡಲು ಬಂದವಳು ಎಂದು ಇನ್ನೊಂದು ಬೀದಿಯವರದು. ಈ ಎರಡನೆಯವರು ಒಳ್ಳೆಯ ಕಾಫಿ ಕೊಡುತ್ತಿದ್ದರು. ಯಾರ ಮನೆಗೆ ಹೋದರೂ ನನಗೆ ಮಾತ್ರ ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ತಮ್ಮ ಮನೆಯಲ್ಲಿಲ್ಲದಿದ್ದರೆ ಪಕ್ಕದ ಮನೆಯಿಂದ ತರಿಸುತ್ತಿದ್ದರು. ಸ್ವಲ್ಪ ದಿನ ಇದನ್ನು ಮರ್ಯಾದೆ ಎಂದು ತಿಳಿದು ಹಿಗ್ಗಿದ್ದೆ. ಆಮೇಲೆ ನೋಡಿದರೆ ಅವರ ನೆಂಟರು ಬಂದಾಗ ಕಂಬಳಿ ಹಾಸುತ್ತಾರೆ. ಕುರ್ಚಿ ಹಾಕುವುದು ಗ್ರಾಮಲೆಕ್ಕಿಗರಿಗೆ, ಪೊಲೀಸರಿಗೆ ಮತ್ತು ನನಗೆ.

ನನ್ನನ್ನು ಮೊದಲು ಮನೆಯೊಳಕ್ಕೆ ಬಿಟ್ಟುಕೊಂಡದ್ದು ಕರಿಯಣ್ಣ ಎಂಬುವರ ಮಗಳು ರೂಪ. ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಬೇಜಾರಾಗಿತ್ತೋ ಏನೋ, ನನ್ನ ಜತೆ ಮನೆಮನೆಗೆ ಬರತೊಡಗಿದಳು. ನಾನು ಕೇಳುವ ಪ್ರಶ್ನೆಗಳನ್ನು ಅವರ ಮಾತಿಗೆ ತಿರುಗಿಸಿ ಕೇಳುತ್ತಿದ್ದಳು. ಉತ್ತರ ಕೇಳುವಾಗ ಮುಖದಲ್ಲಿ ಏನನ್ನೂ ತೋರಿಸಬಾರದೆಂದು ನಾನು ಅವಳಿಗೆ ಹೇಳಿಕೊಟ್ಟಿದ್ದೆ. ಅವಳ ಅಮ್ಮ ಈರಮ್ಮ ಮಾತು ಕಡಿಮೆ, ಕೆಲಸ ಹೆಚ್ಚು. ನಾನು ಒಲೆಯ ಹತ್ತಿರ ಕೂತಿದ್ದರೆ ಇದ್ದಾಳೋ ಇಲ್ಲವೋ ಎಂಬಂತೆ ರೊಟ್ಟಿ ತಟ್ಟುತ್ತಿದ್ದರು. ಕರಿಯಣ್ಣ ಮಾತ್ರ ನನ್ನನ್ನು ಕಡೆಯವರೆಗೂ ನಂಬಲಿಲ್ಲ. ಕುರಿ ಹೊಡೆದುಕೊಂಡು ಹೋಗುವ ಮುಂಚೆ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ಅಲ್ಲ ಮೇಡಂ, ನಾವು ಉಂಬೋದು ಕುಂದ್ರೋದು ಬರ್ಕಂಡು ನಿಮಗೇನು ಬರ್ತೈತೆ?"

"ಡಾಕ್ಟರೇಟ್ ಬರುತ್ತೆ ಕರಿಯಣ್ಣ."

"ನಮಗೇನು ಬರ್ತೈತೆ?"

ನಾನು ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. "ಹೂಂ. ನಮಗೇನೋ ಬಂದೇ ಬರ್ತೈತೆ, ನೋಡಾಣ" ಎಂದು ಕೋಲು ಎತ್ತಿಕೊಂಡು ಹೋಗುತ್ತಿದ್ದರು. ಅದು ಹಾರೈಕೆಯಂತೆ ಕೇಳಿಸುತ್ತಿರಲಿಲ್ಲ.

ಅಷ್ಟರಲ್ಲಿ ರೂಪಳಿಗೆ ಐಮಂಗಲದ ಕಡೆಯಿಂದ ಸಂಬಂಧ ಬಂತು. ಹುಡುಗ ಹೈವೇ ಪಕ್ಕದಲ್ಲಿ ಟೈರಿನ ಅಂಗಡಿ ಇಟ್ಟಿದ್ದ. ಅಣ್ಣನದು ಲಾರಿ. ತಂದೆತಾಯಿ ಇಲ್ಲ, ಅಣ್ಣ ಅತ್ತಿಗೆಯೇ ಹಿರಿಯರು. ನನ್ನ ವಿಷಯಕ್ಕೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಒಳ್ಳೆಯದು ಇನ್ನೇನಿದೆ! ನಾನೂ ಇರುತ್ತೇನೆ ಎಂದು ಗೋಗರೆದೆ. ಕರಿಯಣ್ಣ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮೂಲೇಲಿ ಕುಂತ್ಕಳ್ರಿ. ಬಂದೋರ ಮುಂದೆ ಪೆನ್ನು ತೆಗಿಯಂಗಿಲ್ಲ" ಎಂದರು.

ಅವರು ಬಾಡಿಗೆ ಕಾರಿನಲ್ಲಿ ಬಂದರು. ಹುಡುಗ, ಅವನ ಅಣ್ಣ, ಅತ್ತಿಗೆ, ಒಬ್ಬ ಸೋದರಮಾವ. ಕಂಬಳಿ ಹಾಸಿದ್ದರು, ಗಂಡಸರು ಕೂತರು. ಮೂಲೆಯಲ್ಲಿ ಕುರ್ಚಿಯ ಮೇಲೆ ಕೂತ ನನ್ನನ್ನು ಕಂಡು ಸೋದರಮಾವನ ಹುಬ್ಬು ಮೇಲೇರಿತು. "ಇವರ‍್ಯಾರು?" ಎಂದರು. "ಮೇಡಂ" ಎಂದರು ಕರಿಯಣ್ಣ. ಅಷ್ಟೇ ಹೇಳಿದರೆ ಅನುಮಾನ ಹೋಗುತ್ತದೆಯೇ? ಆಮೇಲೆ ಆ ಮನುಷ್ಯ ಹುಡುಗಿಯನ್ನು ನೋಡಿದ್ದಕ್ಕಿಂತ ಹೆಚ್ಚು ನನ್ನನ್ನೇ ನೋಡಿದ.

ಹುಡುಗ ಚೆನ್ನಾಗಿದ್ದ. ಏನು ಕೇಳಿದರೂ ಉತ್ತರ ಕೊಡುವ ಮುಂಚೆ ಒಮ್ಮೆ ಅಣ್ಣನ ಮುಖ ನೋಡುತ್ತಿದ್ದ. ಅತ್ತಿಗೆ ಮಾತ್ರ ಕೂರಲಿಲ್ಲ. ಈರಮ್ಮ, "ಕುಂತ್ಕಳ್ರಿ ತಾಯಿ" ಎಂದು ಎರಡು ಸಲ ಹೇಳಿದರು. ಆಕೆ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತೇ ಇದ್ದರು. ಚಹಾದ ಲೋಟ ಕೈಗೆ ಬಂತು. ತುಟಿಗೆ ಹೋಗುವಷ್ಟರಲ್ಲಿ ಆಕೆಯ ಗಂಡ ಕೆಮ್ಮಿದ. ಕೆಮ್ಮಿದ ಅಷ್ಟೇ. ಆಕೆ ಲೋಟವನ್ನು ಕೆಳಗಿಟ್ಟು, ಸೆರಗು ಎಳೆದುಕೊಂಡು, ಹೊರಗೆ ಕಾರಿನ ಹತ್ತಿರ ಹೋಗಿ ನಿಂತರು. ಅದು ನನ್ನ ಕಣ್ಣಿಗೂ ಬಿತ್ತು. ಕೋಣೆಗೆ ಹೋಗಿ, 'ಹಿರಿ ಸೊಸೆ ಕೂರಲಿಲ್ಲ, ಲೋಟ ಮುಟ್ಟಿ ಬಿಟ್ಟರು' ಎಂದು ಬರೆದುಕೊಂಡೆ. ಒಳ್ಳೆಯ ಮಾಹಿತಿ ಸಿಕ್ಕಿತೆಂದು ಖುಷಿಯೂ ಆಯಿತು.

ಮಾರನೆಯ ದಿನ ಕುರಿ ರೊಪ್ಪದ ಕಸ ಗುಡಿಸುತ್ತ ರೂಪ ಕೇಳಿದಳು.

"ಅಕ್ಕ, ಆ ದೊಡ್ಡ ಸೊಸೇನ ನೋಡಿದ್ರಾ?"

"ನೋಡಿದೆ."

"ಏನನ್ಸುತು?"

"ಒಂದು ಸಲ ನೋಡಿದ್ದಕ್ಕೆ ಏನೂ ಹೇಳೋಕಾಗಲ್ಲ ರೂಪ. ಹಂಗೆಲ್ಲ ತೀರ್ಮಾನಕ್ಕೆ ಬರಬಾರದು. ಇನ್ನೂ ನಾಲ್ಕಾರು ಸಲ, ಅವರ ಮನೇಲೇ ನೋಡಿದ್ರೆ ಏನಾದ್ರೂ ಗೊತ್ತಾಗಬಹುದು."

ನನ್ನ ಗುರುಗಳು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ರೂಪ ಪೊರಕೆ ನಿಲ್ಲಿಸಿ ನನ್ನನ್ನು ನೋಡಿದಳು.

"ನೀವು ನಾಕು ಸಲ ನೋಡ್ಬೋದಕ್ಕ. ನಂಗೆ ತೋರ್ಸೋದು ಒಂದೇ ಸಲ."

ಆಮೇಲೆ ಬೇರೆ ಮಾತಾಡಿದೆವು. ಸಂಜೆ ನಾನು ಹೊರಡುವಾಗ, "ಅಕ್ಕ, ಒಂದು ಫೋನ್ ಮಾಡ್ಲಾ? ಗೆಳತಿ ಹತ್ರ ರಿಸಲ್ಟ್ ವಿಚಾರ ಕೇಳ್ಬೇಕು" ಎಂದಳು. ಅವರ ಮನೆಗೆ ಇದ್ದದ್ದು ಒಂದೇ ಮೊಬೈಲು, ಅದು ಕರಿಯಣ್ಣನ ಅಂಗಿಯ ಜೇಬಿನಲ್ಲಿ ಕುರಿಯ ಹಿಂದೆ ಊರೂರು ತಿರುಗುತ್ತಿತ್ತು. ಹಟ್ಟಿಯಲ್ಲಿ ಬೇರೆಲ್ಲೇ ಆದರೂ ಫೋನು ಬಡಿದುಕೊಳ್ಳುತ್ತಿತ್ತೇ ಹೊರತು ಮಾತು ನೆಟ್ಟಗೆ ಕೇಳುತ್ತಿದ್ದದ್ದು ಗುಡಿಯ ಕಟ್ಟೆಯ ಮೇಲೆ ಮಾತ್ರ. ಅವಳು ಅಲ್ಲಿಗೆ ಹೋಗಿ, ನನಗೆ ಬೆನ್ನು ಮಾಡಿ ಮಾತಾಡಿ ಬಂದಳು. ಎಲ್ಲರ ಬೆನ್ನನ್ನೂ ಅನುಮಾನಿಸುವ ನಾನು ಆ ಬೆನ್ನನ್ನು ಅನುಮಾನಿಸಲಿಲ್ಲ.

ಮರುದಿನ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. "ಯಾರು?" ಎಂದೆ. ಆ ಕಡೆಯಿಂದ ಗಂಡಸೊಬ್ಬನ ಉಸಿರು ಕೇಳಿಸಿತು. ಆಮೇಲೆ ಫೋನು ಇಟ್ಟರು.

ಮೂರ್ನಾಲ್ಕು ದಿನ ಕಳೆದಿರಬೇಕು. ಹಟ್ಟಿಗೆ ಹೋದಾಗ ಕರಿಯಣ್ಣನ ಮನೆಯ ಮುಂದೆ ಅದೇ ಬಾಡಿಗೆ ಕಾರು ನಿಂತಿತ್ತು. ಒಳಗೆ ಸೋದರಮಾವ ಮತ್ತು ಹುಡುಗನ ಅಣ್ಣ ಕೂತಿದ್ದರು. ಕರಿಯಣ್ಣನ ಮುಖ ಕಪ್ಪಿಟ್ಟಿತ್ತು. ಊರಿನ ಹಿರಿಯರು ಒಬ್ಬಿಬ್ಬರು ಸೇರಿದ್ದರು. ನಾನು ಚಪ್ಪಲಿ ಬಿಡುತ್ತಿರುವಾಗಲೇ ಸೋದರಮಾವ ತನ್ನ ಫೋನಿನಲ್ಲಿ ಏನನ್ನೋ ಒತ್ತಿದ. ನನ್ನ ಬ್ಯಾಗಿನೊಳಗೆ ಫೋನು ಬಡಿದುಕೊಳ್ಳತೊಡಗಿತು.

"ಕೇಳಿಸ್ತಾ ಕರಿಯಣ್ಣೋರೆ? ಇದೇ ನಂಬರು" ಎಂದ ಅವನು. "ಈ ನಂಬರಿಂದ ಒಬ್ಳು ಹೆಂಗಸು ಫೋನ್ ಮಾಡಿ, ಹುಡುಗೀಗೆ ಮೂರ್ಛೆ ರೋಗ ಐತೆ, ಮುಚ್ಚಿಟ್ಟು ಮದುವೆ ಮಾಡ್ತಾರೆ ಅಂತ ಹೇಳಿದ್ಲು. ನಾನು ಅವತ್ತೇ ಅಂದ್ಕಂಡೆ, ಈ ಯಮ್ಮ ಮೂಲೇಲಿ ಕುಂತು ಏನೋ ಮಸಲತ್ತು ಮಾಡ್ತೈತೆ ಅಂತ."

ಬ್ಯಾಗಿನಲ್ಲಿ ಫೋನು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದೂ ನನಗೆ ಹೊಳೆಯಲಿಲ್ಲ. ಒಳಬಾಗಿಲಲ್ಲಿ ರೂಪ ತಟ್ಟೆಯ ತುಂಬ ಚಹಾದ ಲೋಟ ಹಿಡಿದು ನಿಂತಿದ್ದಳು. ಅವಳು ಕಣ್ಣಲ್ಲಿ ಏನಾದರೂ ಬೇಡಿಕೊಂಡಿದ್ದರೆ ನಾನು ಸಿಟ್ಟಿಗೆ ಎಲ್ಲವನ್ನೂ ಹೇಳಿಬಿಡುತ್ತಿದ್ದೆನೋ ಏನೋ. ಅವಳು ಬೇಡಿಕೊಳ್ಳಲಿಲ್ಲ. ನಾನು ಏನು ಮಾಡುತ್ತೇನೆ ಎಂದು ನೋಡುತ್ತಿದ್ದಳು, ನಾನೇ ಅವಳಿಗೆ ಹೇಳಿಕೊಟ್ಟ ಹಾಗೆ, ಮುಖದಲ್ಲಿ ಏನನ್ನೂ ತೋರಿಸದೆ.

"ಯಾಕ್ರಿ ಮೇಡಂ?" ಎಂದರು ಕರಿಯಣ್ಣ. ಧ್ವನಿ ಏರಿಸಲಿಲ್ಲ. "ನನ್ ಮಗಳು ನಿಮಗೇನು ಮಾಡಿದ್ಲು?"

ನಾನು ಸುಮ್ಮನಿದ್ದೆ. ದೊಡ್ಡತನವಲ್ಲ. ನಿಜ ಹೇಳಿದರೆ ಈ ಹುಡುಗಿಯ ಗತಿಯೇನು ಎಂದು ಯೋಚಿಸಿದೆನೆಂದು ಈಗ ಹೇಳಿಕೊಳ್ಳಬಹುದು. ಆದರೆ ಆ ಗಳಿಗೆಯಲ್ಲಿ ಮಾತು ಬರಲಿಲ್ಲ, ಅಷ್ಟೇ. ಬಾಯಿ ಬಿಡಬೇಕೆನ್ನುವ ಹೊತ್ತಿಗೆ ನನ್ನ ಸುಮ್ಮನಿರುವಿಕೆಯೇ ಉತ್ತರವಾಗಿಬಿಟ್ಟಿತ್ತು.

"ನಾಕಕ್ಷರ ಕಲ್ತೋರು ಮಾಡೋ ಕೆಲಸ ಇದೇನಾ? ಉಂಡ ಮನೆ ಜಂತೆ ಎಣಿಸಿಬಿಟ್ರಲ್ರಿ! ಎದ್ದು ನಡೀರಿ. ಇನ್ನು ಈ ಹಟ್ಟಿಗೆ ಕಾಲಿಕ್ಕಬ್ಯಾಡ್ರಿ" ಎಂದರು ಕರಿಯಣ್ಣ. ಆಗ ಮಾತ್ರ ಧ್ವನಿ ಇಡೀ ಬೀದಿಗೆ ಕೇಳಿಸಿತು.

ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಹುಡುಗನ ಅಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಹೋಗ್ಲಿ ಬಿಡ್ರಿ, ಸುಳ್ಳು ಅಂತ ಗೊತ್ತಾತಲ್ಲ. ಆದ್ರೂ ನಮ್ಮ ಸಮಾಧಾನಕ್ಕೆ ಹೊಸದುರ್ಗದಾಗೆ ಡಾಕ್ಟ್ರ ಹತ್ರ ತೋರ್ಸಿ ಒಂದು ಸರ್ಟಿಫಿಕೇಟ್ ಮಾಡಿಸ್ಬಿಡ್ರಿ" ಎಂದ.

ಹಿಂದೆಯೇ ಕರಿಯಣ್ಣನ ಮಾತು ಕೇಳಿಸಿತು. "ಏನಂದೆಪ್ಪ? ಕುರಿ ಕೊಳ್ಳೋನು ಹಲ್ಲು ನೋಡ್ತಾನೆ. ನನ್ ಮಗಳಿಗೂ ಸರ್ಟಿಫಿಕೇಟಾ? ಯಾರೋ ದಾರೀಲಿ ಹೋಗೋಳು ಅಂದಿದ್ದು ನಂಬೋರು ನಾಳೆ ಏನೇನು ನಂಬಲ್ಲ? ನೀವೂ ಏಳ್ರಿ."

ಹೀಗೆ ನಾನೂ ಐಮಂಗಲದ ಕಾರೂ ಹೆಚ್ಚುಕಡಿಮೆ ಒಟ್ಟಿಗೇ ಆ ಹಟ್ಟಿಯನ್ನು ಬಿಟ್ಟೆವು. ಕಾರು ಧೂಳೆಬ್ಬಿಸಿಕೊಂಡು ನನ್ನನ್ನು ದಾಟಿ ಹೋಯಿತು. ನಾನು ಬಸ್ಸಿಗೆ ಕಾಯುತ್ತ ಹುಣಸೆ ಮರದ ಕೆಳಗೆ ನಿಂತೆ. ಸ್ವಲ್ಪ ಹೊತ್ತಿಗೆ ಕೊಡ ಹಿಡಿದುಕೊಂಡು ರೂಪ ಬಂದಳು. ಆ ಕಡೆ ನೀರಿರಲಿಲ್ಲ, ಕೊಡ ನೋಡುವವರಿಗಾಗಿ.

"ಬೈರಿ ಅಕ್ಕ" ಎಂದಳು.

"ನನ್ನ ಫೋನೇ ಬೇಕಾಗಿತ್ತಾ ನಿನಗೆ?"

"ಬ್ಯಾರೆ ಯಾರ್ದು ತಗಳ್ಲಿ? ಅವ್ರ ನಂಬರ್ ಅಪ್ಪನ ಫೋನಲ್ಲಿತ್ತು, ಅದ್ರಲ್ಲೇ ಮಾಡಾಕಾಗ್ತಿತ್ತಾ? ಊರೋರ ಫೋನಲ್ಲಿ ಮಾಡಿದ್ರೆ ಅವ್ರು ನಾಳೆನೂ ಇಲ್ಲೇ ಇರ್ತಾರೆ, ನಾನೂ ಇಲ್ಲೇ ಇರ್ತೀನಿ. ನೀವಾದ್ರೆ ಹೋಗೋರು."

"ನಿನಗೇ ರೋಗ ಅಂತ ಹೇಳಿದೆಯಲ್ಲೇ. ಅದು ಊರೆಲ್ಲ ಹಬ್ಬಿದ್ರೆ?"

"ಹಬ್ಬಲ್ಲ. ಮೇಡಂ ಹೇಳಿದ ಸುಳ್ಳು ಅಂತ ಎಲ್ರಿಗೂ ಗೊತ್ತಾತಲ್ಲ" ಎಂದಳು. ಇದನ್ನು ಅವಳು ಮೊದಲೇ ಲೆಕ್ಕ ಹಾಕಿದ್ದಳೋ, ಆಗ ಹೊಳೆದದ್ದೋ ನನಗೆ ಇಂದಿಗೂ ಅನುಮಾನ. "ಬ್ಯಾಡ ಅಂತ ಅಪ್ಪಂಗೆ ಹೆಂಗೆ ಹೇಳ್ಲಿ? ಯಾಕೆ ಅಂತ ಕೇಳ್ತಾರೆ. ಆಯಮ್ಮ ಟೀ ಕುಡೀಲಿಲ್ಲ, ಅದಕ್ಕೆ ಅಂತ ಹೇಳ್ಲಾ?"

ಬಸ್ಸು ಬಂತು. ಅವಳು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ತಿರುಗಿದಳು. ಕ್ಷಮಿಸಿ ಎನ್ನಲಿಲ್ಲ. ನನಗೆ ಅಳು ಬಂದದ್ದು ಹೊಸದುರ್ಗ ತಲುಪಿದ ಮೇಲೆ.

ನನ್ನ ಗುರುಗಳಿಗೆ ವಿಷಯ ತಿಳಿಸುವುದು ಇನ್ನೂ ಕಷ್ಟವಾಯಿತು. ನಡೆದದ್ದು ನಡೆದ ಹಾಗೆ ಹೇಳಿದರೆ ಆ ಸುದ್ದಿ ತಿರುಗಿ ಹಟ್ಟಿಗೆ ಹೋಗುತ್ತದೆಂಬ ಭಯ. ವಿಶ್ವವಿದ್ಯಾಲಯದಲ್ಲಿ ಆ ಕಡೆಯ ಹುಡುಗರೂ ಓದುತ್ತಿದ್ದರು. "ಊರಿನವರಿಗೂ ನನಗೂ ಸರಿಹೋಗಲಿಲ್ಲ" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. ಕ್ಷೇತ್ರಕಾರ್ಯ ಮಾಡದೆ ಸುಳ್ಳು ಹೇಳುತ್ತಿದ್ದಾಳೆ ಎಂಬ ಅನುಮಾನ ಅವರ ಹಣೆಯ ಗೆರೆಯಲ್ಲೇ ಕಾಣುತ್ತಿತ್ತು. ಬರೆದದ್ದನ್ನೆಲ್ಲ ಬದಿಗಿಟ್ಟು, ಹಿರಿಯೂರಿನ ಹತ್ತಿರ ಬಬ್ಬೂರಿನಲ್ಲಿ ಕೃಷಿ ಫಾರಂಗೆ ಕೂಲಿಗೆ ಹೋಗುವ ಹೆಂಗಸರ ಕೇರಿಯಲ್ಲಿ ಮೊದಲಿನಿಂದ ಶುರುಮಾಡಿದೆ. ಅಲ್ಲಿ ಯಾರಿಗೂ ಫೋನು ಕೊಡಲಿಲ್ಲ. ಯಾರಾದರೂ ನನ್ನ ಜತೆ ಸಲಿಗೆಯಿಂದ ಮಾತಾಡಿದರೆ, ಇವಳಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಮೊದಲು ಯೋಚಿಸುತ್ತಿದ್ದೆ. ಡಾಕ್ಟರೇಟ್ ತಡವಾಗಿ ಬಂತು, ಕೆಲಸ ಇನ್ನೂ ತಡವಾಗಿ. ನನ್ನನ್ನು ನೋಡಲು ಬಂದವರ ಮುಂದೆ ನಾನು ಕೂತಾಗ ನನ್ನ ಭಾವೀ ಗಂಡ ಉಪ್ಪಿಟ್ಟಿನ ತಟ್ಟೆಯನ್ನು ತಾವೇ ಒಳಗೆ ಕೊಂಡೊಯ್ದಿಟ್ಟರು. ಇದು ಒಳ್ಳೆಯತನವೋ ನಾಟಕವೋ ಎಂದು ಮದುವೆಯಾಗಿ ಎಷ್ಟೋ ದಿನದವರೆಗೆ ಪರೀಕ್ಷಿಸಿದ್ದೇನೆ. ಈಗ ಅವರು ತಟ್ಟೆ ಎತ್ತುವುದಿಲ್ಲ. ಆದರೂ ಪರವಾಗಿಲ್ಲ.

ಐಮಂಗಲದ ಟೋಲಿನ ಹತ್ತಿರ ಬಸ್ಸು ಹೋಗುವಾಗಲೆಲ್ಲ ಟೈರಿನ ಅಂಗಡಿಗಳ ಕಡೆ ಕಣ್ಣು ಹೋಗುತ್ತಿತ್ತು. ಆ ಮನೆ ನಿಜವಾಗಿಯೂ ಕೆಟ್ಟದ್ದಿತ್ತೇ? ಆಕೆ ಹಲ್ಲುನೋವಿಗೆ ಚಹಾ ಬಿಟ್ಟಿದ್ದರೆ? ಕಾರಿನಲ್ಲಿ ಬಂದು ಹೊಟ್ಟೆ ತೊಳಸಿ ಗಾಳಿಗೆ ಹೋಗಿ ನಿಂತಿದ್ದರೆ? ಒಂದು ಕೆಮ್ಮನ್ನು ನಂಬಿ ಒಬ್ಬಳು ಮದುವೆ ಮುರಿದಳು, ಇನ್ನೊಬ್ಬಳು ಅದರ ಅಪವಾದ ಹೊತ್ತಳು. ಕೆಮ್ಮು ಬರೀ ಕೆಮ್ಮಾಗಿದ್ದರೆ?

ಹೋದ ವರ್ಷ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ಕೂತು, ನನ್ನನ್ನು ಬಹಳ ಹೊತ್ತು ನೋಡಿ, "ಮೇಡಂ ಅಲ್ವಾ?" ಎಂದರು. ಈರಮ್ಮ. ಕೂದಲು ಬೆಳ್ಳಗಾಗಿತ್ತು. ಕಣ್ಣಿನ ಆಸ್ಪತ್ರೆಗೆ ಬಂದಿದ್ದರಂತೆ. ಬೈಯುತ್ತಾರೆಂದು ಕಾದೆ. ಅವರು ಸೆರಗಿನ ಗಂಟು ಬಿಚ್ಚಿ ಎಲೆ ಅಡಿಕೆ ತೆಗೆದು ನನಗೂ ಕೊಟ್ಟರು.

"ರೂಪನ ಹೊಳಲ್ಕೆರೆ ಕಡೀಗೆ ಕೊಟ್ಟೀವಿ. ಒಂದು ಹೆಣ್ಣು ಮಗ ಐತೆ. ಹೊಲಿಗೆ ಮಿಷನ್ ಇಟ್ಕಂಡಾಳೆ" ಎಂದರು.

"ಸಂತೋಷ ಈರಮ್ಮಾರೆ."

ಅವರು ಅಡಿಕೆ ಅಗಿದರು. ಆಮೇಲೆ ಬಸ್ಸುಗಳ ಕಡೆ ನೋಡುತ್ತಲೇ ಹೇಳಿದರು. "ಅವತ್ತು ಫೋನ್ ಮಾಡಿದ್ದು ಅವ್ಳೇ ಅಂತ ನಂಗೆ ಗೊತ್ತಿತ್ತು."

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. "ಯಾವಾಗ ಗೊತ್ತಾಯ್ತು?"

"ಅವತ್ತೇ. ಕಟ್ಟೆ ಮ್ಯಾಲೆ ನಿಂತು ಮಾತಾಡೋವಾಗ ನಾನು ಗುಡಿ ಹಿಂದೆ ಸಗಣಿ ಕುಳ್ಳು ಆರಿಸ್ತಿದ್ದೆ."

"ಹಂಗಾದ್ರೆ ಅಷ್ಟು ಜನರ ಮುಂದೆ ನನ್ನನ್ನ ಬೈಯುವಾಗ ಸುಮ್ಮನಿದ್ದಿರಲ್ಲ!"

"ಏನ್ ಮಾಡ್ಲಿ ತಾಯಿ. ಬಂದೋರು ಕುಂತಿದ್ರು. ಯಾರನ್ನಾರ ಬೈಲೇಬೇಕಿತ್ತು" ಎಂದರು ಈರಮ್ಮ. ನಾನೂರು ಪುಟದ ನನ್ನ ಪ್ರಬಂಧದಲ್ಲಿ ಈ ಮಾತಿಗೆ ಹತ್ತಿರ ಬರುವ ಒಂದು ವಾಕ್ಯವೂ ಇಲ್ಲ. "ರೂಪನ ಅಪ್ಪಂಗೆ ಮಾತ್ರ ಗೊತ್ತಿಲ್ಲ. ಹೇಳ್ಬಿಟ್ಟೀರಿ ಮತ್ತೆ. ಗೊತ್ತಾದ್ರೆ ತಾಯಿ ಮಗಳಿಬ್ಬರನ್ನೂ ಕೊಚ್ಚಿ ಹಾಕ್ತಾರೆ. ಬರೋ ಭಾನುವಾರ ಮರಿ ಹೊಡಿತೀವಿ, ಬೀಗ್ರು ಬರ್ತಾರೆ. ನೀವೂ ಬರ್ರಿ."

ಈ 'ಬರ್ರಿ' ನಿಜವಾದ ಕರೆಯೋ, ಬಾಯುಪಚಾರವೋ? ನಾನೇ ಪಾಠ ಮಾಡುವ ವಿಷಯ. ವಾರವಿಡೀ ಅನುಮಾನಿಸಿ ಕೊನೆಗೆ ಹೋದೆ.

ಹಟ್ಟಿಯಲ್ಲಿ ಆರ್‌ಸಿಸಿ ಮನೆಗಳು ಎದ್ದಿದ್ದವು. ಕರಿಯಣ್ಣ ಜಗಲಿಯಲ್ಲಿದ್ದರು. ಮುದುಕರಾಗಿದ್ದರು, ಹೆಗಲ ಮೇಲಿನ ಕಂಬಳಿ ಮಾತ್ರ ಹಾಗೇ ಇತ್ತು. ನನ್ನನ್ನು ನೋಡಿ ಏಳಲಿಲ್ಲ, ಹೋಗು ಎನ್ನಲೂ ಇಲ್ಲ. "ಬಂದ್ರಾ?" ಎಂದರು. ರೂಪ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಒಳಗಿನಿಂದ ಬಂದವಳು, ಬಾಗಿಲಲ್ಲೇ ನಿಂತುಬಿಟ್ಟಳು. ಈರಮ್ಮ ನಾವು ಹಿರಿಯೂರಿನಲ್ಲಿ ಸಿಕ್ಕೇ ಇಲ್ಲವೇನೋ ಎಂಬಂತೆ ನೀರು ಕೊಟ್ಟು ಹೋದರು. ಮನೆಯವರು ನಾಲ್ಕು ದಿಕ್ಕಿನಿಂದ ನನ್ನ ಬಾಯನ್ನೇ ನೋಡುತ್ತಿದ್ದರು. ಕುರ್ಚಿಯಾದರೂ ಹಾಕಬಾರದೇ, ಎದ್ದು ಓಡಲು ಅನುಕೂಲವಾಗುತ್ತಿತ್ತು ಎನಿಸಿತು.

ಊಟಕ್ಕೆ ಸಾಲಾಗಿ ಕೂರಿಸಿದರು. ಮುದ್ದೆ, ಮರಿ ಸಾರು. ನನ್ನ ಪಕ್ಕದಲ್ಲಿ ರೂಪಳ ಮಾವ, ಹೊಳಲ್ಕೆರೆ ಕಡೆಯ ಬೀಗರು, ಕೂತಿದ್ದರು. ಇವರ‍್ಯಾರು ಎಂದು ಅವರು ಕೇಳಿದರು. ಕರಿಯಣ್ಣ ಸಾರಿನ ಬಟ್ಟಲು ಕೆಳಗಿಟ್ಟು ದೊಡ್ಡ ದನಿಯಲ್ಲಿ ಶುರುಮಾಡಿದರು.

"ಇವ್ರಾ? ಇವ್ರೇ ನೋಡ್ರಿ ಬೀಗ್ರೆ, ನಮ್ಮ ರೂಪಂಗೆ ಮೊದ್ಲು ಬಂದಿದ್ದ ಸಂಬಂಧ ಮುರಿದ ಮೇಡಂ!"

ಆಮೇಲೆ ಇಡೀ ಕಥೆ ಹೇಳಿದರು. ಅದು ಅವರು ಬಹಳ ಸಲ ಹೇಳಿದ ಕಥೆ ಎಂದು ಕೇಳಿದರೇ ತಿಳಿಯುತ್ತಿತ್ತು. ಅದರಲ್ಲಿ ನಾನು ಧ್ವನಿ ಬದಲಿಸಿ ಗಂಡಸಿನ ಹಾಗೆ ಮಾತಾಡಿದ್ದೆ. ಬ್ಯಾಗಿನಲ್ಲಿ ಒಂದಲ್ಲ, ಎರಡು ಫೋನು ಇಟ್ಟುಕೊಂಡಿದ್ದೆ. ಬೀಗರು ಬಾಯಿ ತೆರೆದು ಕೇಳಿದರು. "ಹೌದೇನಮ್ಮ?" ಎಂದು ಸೊಸೆಯ ಕಡೆ ತಿರುಗಿದರು. ರೂಪ ಮಗುವಿನ ಮೂಗು ಒರೆಸುತ್ತ, "ಹೂಂ ಮಾವ, ಇವ್ರೇ" ಎಂದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನಗೆ ಸಿಟ್ಟೂ ಬಂತು, ಮೆಚ್ಚುಗೆಯೂ ಆಯಿತು.

ಕಥೆ ಮುಗಿಸಿ ಕರಿಯಣ್ಣ ನನ್ನ ಕಡೆ ನೋಡಿದರು. "ಇವತ್ತಾರ ಹೇಳ್ರಿ ಮೇಡಂ. ಯಾಕಂಗೆ ಮಾಡಿದ್ರಿ?"

ಒಳಗೆ ಈರಮ್ಮನ ಸೌಟಿನ ಸದ್ದು ನಿಂತಿತು. ರೂಪ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. ನಾನು ಕೈಯಲ್ಲಿದ್ದ ತುತ್ತು ನುಂಗಿ ಹೇಳಿದೆ. "ಆ ಮನೆ ನನಗೆ ಸರಿ ಕಾಣಲಿಲ್ಲ ಕರಿಯಣ್ಣ. ಆ ಹಿರಿ ಸೊಸೆ ನಿಂತೇ ಇದ್ದಳಲ್ಲ, ಅದು."

ಕರಿಯಣ್ಣ ಮುದ್ದೆ ಮುರಿದು ಸಾರಿಗೆ ಅದ್ದಿದರು.

"ನಂಗೂ ಸರಿ ಕಾಣ್ಲಿಲ್ಲ ಬಿಡ್ರಿ" ಎಂದರು.

"ಅಲ್ಲೋ ಬೀಗ, ನಿಂಗೂ ಸರಿ ಕಾಣ್ದಿದ್ರೆ ಈ ಯಮ್ಮನ್ನ ಯಾಕೆ ಓಡ್ಸಿದೆ?" ಎಂದರು ರೂಪಳ ಮಾವ.

ಕರಿಯಣ್ಣ ಬಾಯಲ್ಲಿದ್ದ ಮೂಳೆ ತೆಗೆದು ಬದಿಗಿಟ್ಟರು. ಬಾಗಿಲಲ್ಲಿ ನಿಂತ ರೂಪ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಅವರು ಅವಳ ಕಡೆ ತಿರುಗಲಿಲ್ಲ.

"ಲೇ ರೂಪ, ಅಲ್ಲೇನು ನಿಂತಿದೀಯಾ? ನಿಮ್ಮಕ್ಕಂಗೆ ಇನ್ನೊಂದು ಮುದ್ದೆ ಇಕ್ಕು" ಎಂದರು.